ತಲೆಕೆಳಗಾಗಿ ಬರೆದ ಹೆಸರು

"ನಿಮ್ಮ ಕೈಬರಹ ಈ ಬಂಡೆ ಮೇಲೆ ಎಲ್ಲಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ," ಎಂದ ಮುದುಕ. "ಬೇರೆಯವರ ಕೈಲಿ ಉಜ್ಜಿಸ್ತೀನಿ. ತಾನು ಬರೆದಿದ್ದನ್ನ ತಾನೇ ಅಳಿಸಬಾರದು."

ಭಾನುವಾರ ಬೆಳಗಿನ ಎಂಟು ಗಂಟೆ. ತೊರೆಯ ಪಕ್ಕದ ಚಪ್ಪಡಿಗಲ್ಲಿನ ಮೇಲೆ ಒಂಬತ್ತು ಮಂದಿ ಸ್ವಯಂಸೇವಕರು ರಬ್ಬರ್ ಕೈಗವಸು ಎಳೆದುಕೊಳ್ಳುತ್ತ ನಿಂತಿದ್ದರು. ಎದುರಿಗೆ ಗುಹೆ, ಅದರ ಬಾಯಿಯ ಸುತ್ತ ಕೆಂಪು, ಹಸಿರು, ಬೆಳ್ಳಿ ಬಣ್ಣದಲ್ಲಿ ಹೆಸರುಗಳು, ತಾರೀಖುಗಳು, ಬೈಗುಳಗಳು. ಮುದುಕ ನಲವತ್ತು ವರ್ಷ ಈ ಕಣಿವೆಯ ಕಾವಲುಗಾರನಾಗಿದ್ದವನು. ನಿವೃತ್ತನಾದ ಮೇಲೂ ಭಾನುವಾರ ತಪ್ಪಿಸುವುದಿಲ್ಲ. ಬಂದವರಿಗೆ ಬ್ರಷ್ಷು, ಚೀಲ ಹಂಚಿ ಮೊದಲು ಈ ಪ್ರಶ್ನೆ ಕೇಳುತ್ತಾನೆ.

ಬ್ಯಾಂಕಿನ ಕ್ಯಾಶಿಯರ್ ಒಬ್ಬ ಮೆಲ್ಲಗೆ ಕೈ ಎತ್ತಿದ.

"ಕೈ ಎತ್ತಿದ್ರೆ ಸಾಲ್ದು. ಬಾಯಿಬಿಟ್ಟು ಹೇಳ್ಬೇಕು."

"ಅಲ್ಲಿ, ಎಡಗಡೆ, ಬಾಣ ಚುಚ್ಚಿದ ಹೃದಯ ನಂದು. ಇಪ್ಪತ್ತು ವರ್ಷ ಹಳೇದು."

"ಅದ್ರೊಳಗಿರೋ ಹೆಸರು ಮನೆಯವರದ್ದಾ?"

"ಅದನ್ನ ಮಾತ್ರ ಕೇಳ್ಬೇಡಿ. ಅದಕ್ಕೇ ಅಲ್ವಾ, ಬೇಗ ಉಜ್ಜಿಸಿ ಅಂತಿರೋದು."

ಎಲ್ಲರೂ ನಕ್ಕರು. ಮುದುಕ ಹೃದಯದ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ಉಳಿದವರ ಮುಖ ಒಂದೊಂದಾಗಿ ನೋಡುತ್ತ ಬಂದು ಕೊನೆಯಲ್ಲಿದ್ದವಳ ಎದುರು ನಿಂತ. ಅವಳು ಆ ದಿನವಷ್ಟೇ ಬಂದವಳು. ಪದವಿ ಮುಗಿಸಿ, ಒಂದು ಛಾಪಖಾನೆಯಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂಥವಳ ಬಾಯಿಂದ ಅಂದು ಅವಳೇ ಬೆಚ್ಚುವಂತೆ ಮಾತು ಬಂತು.

"ಯಾರು ಉಜ್ಜಿದ್ರು ಅಂತ ಕಲ್ಲು ಹಾಜರಿ ತಗೊಳ್ಳುತ್ತಾ ಅಜ್ಜ? ಅದಕ್ಕೆ ಓದೋಕೆ ಬರುತ್ತಾ?"

"ಓದೋಕೆ ಬರಲ್ಲ. ಇಟ್ಕೊಳ್ಳೋಕೆ ಬರುತ್ತೆ." ಅವನು ನಗಲಿಲ್ಲ. "ಬಣ್ಣದ್ದು ಹೆಂಗಾದ್ರೂ ಹೋಗುತ್ತೆ. ಒಳಗಡೆ ಮಸೀಲಿ ಬರೆದಿರೋವು ಇವೆ. ಕಟ್ಟಿದ ಕೈಯೇ ಬಿಚ್ಚೋಕೆ ಹೋದ್ರೆ ಕಟ್ಟು ಹೋಗಲ್ಲ ತಾಯಿ. ಮನೆ ಬದಲಾಯಿಸುತ್ತೆ, ಅಷ್ಟೆ. ನಿಮ್ದು ಯಾವ್ದೂ ಇಲ್ವಾ?"

"ಇಲ್ಲ."

ಇತ್ತು.

ಮೂರು ವರ್ಷದ ಹಿಂದೆ ಬಸ್ ನಿಲ್ದಾಣದಲ್ಲಿ ಉದ್ಘೋಷಕಿಯ ಹುದ್ದೆ ಖಾಲಿಯಾಗಿತ್ತು. ಅರ್ಜಿ ಹಾಕಿದ್ದು ಅವಳು. ಒಬ್ಬಳೇ ಹೋಗಲು ಅಂಜಿಕೆಯಾಗಿ ಅಕ್ಕನನ್ನು ಜೊತೆಗೆ ಕರೆದೊಯ್ದಿದ್ದಳು. ಮೈಕಿನ ಮುಂದೆ ಗಂಟಲು ಕಟ್ಟಿತು. "ಹಿಂಗೆ ಹೇಳು ಗುಬ್ಬಿ," ಎಂದು ಅಕ್ಕ ಪಕ್ಕದಿಂದ ಬಾಗಿ ಒಂದೇ ಸಾಲು ಓದಿ ತೋರಿಸಿದಳು. "ದಯವಿಟ್ಟು ಗಮನಿಸಿ." ಗಾಜಿನ ಆಚೆ ಕುಳಿತಿದ್ದ ಅಧಿಕಾರಿ ತಲೆ ಎತ್ತಿದ. ಕೆಲಸ ಅಕ್ಕನದಾಯಿತು. ಮರುವಾರದಿಂದ ಊರಿಗೆ ಊರೇ ಆ ದನಿಗೆ ಕಿವಿಗೊಟ್ಟು ಬಸ್ಸು ಹತ್ತತೊಡಗಿತು. ತಂಗಿ ಎಲ್ಲರಿಗೂ "ಓ, ಅವರ ತಂಗಿಯಾ" ಆದಳು.

ಹೊಟ್ಟೆಕಿಚ್ಚಿನಲ್ಲೇ ಒಂದು ತಿಂಗಳು ಕಳೆದು, ಅವಳು ಹೊಲಿಗೆ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿದ್ದ ಮಾಟದ ಹೆಂಗಸಿನ ಬಳಿ ಹೋದಳು. ಆಕೆ ಹೇಳಿದ್ದು ಇಷ್ಟೇ. ಅಕ್ಕನ ಬಾಚಣಿಗೆಯಲ್ಲಿ ಸಿಕ್ಕಿದ ಕೂದಲು ಸುಟ್ಟು, ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಬಿಸಿಲು ಮುಟ್ಟದ ಕಲ್ಲಿನ ಮೇಲೆ ಅವಳ ಹೆಸರನ್ನು ತಲೆಕೆಳಗಾಗಿ ಬರೆದು "ಬಾಯಿ ಕಟ್ಟು" ಎನ್ನಬೇಕು. ಅವಳು ಈ ಗುಹೆಯೊಳಕ್ಕೆ ಬಂದು ಬರೆದಳು. ಅಂದಳು. ಹನ್ನೊಂದನೆಯ ದಿನ ಅಕ್ಕ ಮೈಕಿನ ಮುಂದೆ ಬಾಯಿ ತೆರೆದವಳು ತೆರೆದಂತೆಯೇ ಉಳಿದಳು. ವೈದ್ಯರು ಗಂಟಲಿಗೆ ದೀಪ ಹಾಕಿ ನೋಡಿ, ಏನೂ ಇಲ್ಲವಲ್ಲ ಎಂದರು. ಅಂದಿನಿಂದ ಅಕ್ಕ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೋಣೆಯಲ್ಲಿ ಕೊಡೆ, ಚೀಲಗಳಿಗೆ ಚೀಟಿ ಅಂಟಿಸುತ್ತಾಳೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಸ್ಲೇಟು.

ಮಾಟ ಎಂಬುದೆಲ್ಲ ಬುರುಡೆ. ಮೂರು ವರ್ಷದಿಂದ ಅವಳು ಹಗಲೂ ರಾತ್ರಿ ತನಗೆ ಹೇಳಿಕೊಂಡದ್ದು ಅದೊಂದೇ ಮಾತು. ಅದು ಸುಳ್ಳಾದರೆ ಅವಳು ಏನಾಗುತ್ತಾಳೆಂದು ಅವಳಿಗೆ ಗೊತ್ತಿತ್ತು.

ಹಾಗಾದರೆ ಇಲ್ಲಿಗೆ ಬಂದದ್ದೇಕೆ? ಈ ಭಾನುವಾರ ಒಳಗುಹೆಯನ್ನೂ ತೊಳೆಯುತ್ತಾರೆಂದು ಛಾಪಖಾನೆಗೆ ಬಂದ ಕರಪತ್ರದಲ್ಲಿ ಓದಿದ್ದಳು. ಇವರು ಒಂದೊಂದು ಬರಹವನ್ನೂ ಜೋರಾಗಿ ಓದಿ ನಗುತ್ತ ಉಜ್ಜುವವರು. ಯಾರಾದರೂ ಅಕ್ಕನ ಹೆಸರು ಓದಿದರೆ? ಊರಲ್ಲಿ ಆ ಹೆಸರು ಯಾರಿಗೆ ಗೊತ್ತಿಲ್ಲ?

"ಬರಹದ ಕೆಳಗಿನಿಂದ ಮೇಲಕ್ಕೆ ಉಜ್ಜಿ," ಎಂದು ಮುದುಕ ಹೇಳಿಕೊಡುತ್ತಿದ್ದ. "ಮೇಲಿಂದ ಶುರು ಮಾಡಿದ್ರೆ ಕರಗಿದ ಬಣ್ಣ ಇಳಿದು ಕಲ್ಲು ಕುಡಿದುಬಿಡುತ್ತೆ. ತಂತಿ ಬ್ರಷ್ಷು ಬೇಡ. ಕಲ್ಲಿಗೂ ಚರ್ಮ ಇದೆ."

ಎಲ್ಲರೂ ಹೊರಗಿನ ಬಂಡೆಗೆ ಬಣ್ಣ ಕರಗಿಸುವ ದ್ರಾವಣ ಬಳಿಯುತ್ತಿದ್ದಾಗ ಅವಳು ಡಬ್ಬಿ, ಬ್ರಷ್ಷು ಹಿಡಿದು ಒಳಗೆ ಜಾರಿದಳು.

ಹತ್ತು ಹೆಜ್ಜೆಗೆ ಬೆಳಕು ತೆಳುವಾಯಿತು. ಇಪ್ಪತ್ತಕ್ಕೆ ಇಲ್ಲವಾಯಿತು. ಕಾಲಡಿ ಒಡೆದ ಬಾಟಲಿ, ಕೊಳೆತ ತಿಂಡಿಯ ಪೊಟ್ಟಣ, ಬಾವಲಿಯ ಹಿಕ್ಕೆಯ ಹುಳಿ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಟಾರ್ಚಿನ ಬೆಳಕಲ್ಲಿ ಆ ಹೆಸರು ಕಂಡಿತು. ಮೂರು ವರ್ಷದ ತೇವಕ್ಕೂ ಮಾಸಿರಲಿಲ್ಲ. ನಿನ್ನೆ ಬರೆದಂತೆ ಹೊಳೆಯುತ್ತಿತ್ತು.

ದ್ರಾವಣ ಬಳಿದಳು. ಮಸಿ ಮಸಿಯೇ, ಎಂದುಕೊಂಡಳು. ಕೆಳಗಿನಿಂದ ಮೇಲಕ್ಕೆ ಬ್ರಷ್ಷು ಎಳೆದಳು.

ಹೊಮ್ಮಿದ್ದು ದ್ರಾವಣದ ಘಾಟಲ್ಲ. ಅಕ್ಕನ ತಲೆಯೆಣ್ಣೆಯ ವಾಸನೆ.

ಬ್ರಷ್ಷಿಗೆ ಏನೋ ಸಿಕ್ಕಿಕೊಂಡಿತು. ಕೂದಲು. ಒಂದೇ ಎಳೆ. ಜಗ್ಗಿದಳು, ಬಂತು. ಇನ್ನೂ ಬಂತು. ಅಕ್ಷರದ ಒಳಗಿನಿಂದ, ಕಲ್ಲಿನ ಒಳಗಿನಿಂದ, ಒದ್ದೆಯಾಗಿ, ಉದ್ದವಾಗಿ, ಜಡೆಯಷ್ಟು ದಪ್ಪಗೆ. ಬ್ರಷ್ಷು ಕೊಡವಿದಳು. ಬಿಡಲಿಲ್ಲ. ಕೈಗವಸಿನ ಮೇಲೆ ಸುತ್ತಿತು. ಮಣಿಕಟ್ಟಿಗೆ ಏರಿತು.

ಆಗ ಕಲ್ಲು ಮಾತಾಡಿತು.

ದಯವಿಟ್ಟು ಗಮನಿಸಿ. ದಯವಿಟ್ಟು ಗಮನಿಸಿ. ಅಕ್ಕನ ದನಿ. ಹೇಳಲಾಗದೆ ಉಳಿದ ಮೂರು ವರ್ಷದ ಬಸ್ಸುಗಳು, ವೇಳೆಗಳು, ಕಳೆದುಹೋದ ಮಕ್ಕಳ ಅಂಗಿಯ ಬಣ್ಣಗಳು, ಎಲ್ಲ ಒಟ್ಟಿಗೆ, ಒಂದರ ಮೇಲೊಂದು. ನಡುನಡುವೆ ಮನೆಯ ಮಾತು. ಉಂಡ್ಯಾ ಗುಬ್ಬಿ. ಲೈಟ್ ಆರಿಸು ಗುಬ್ಬಿ. ಅವಳು ಹಿಂದಕ್ಕೆ ಜಿಗಿದಳು. ಟಾರ್ಚು ಬಿತ್ತು. ಕತ್ತಲು. ಕೂದಲು ಭುಜಕ್ಕೆ ಬಂತು. ಕತ್ತಿಗೆ ಬಂತು. ಮಾತುಗಳು ತೂತು ಬಿದ್ದ ಕೊಡದಿಂದ ನೀರು ಹೋಗುವಂತೆ ಗುಹೆಯ ಬಾಯತ್ತ ಹರಿದುಹೋದವು. ತುಟಿಯ ಮೇಲೆ ತಣ್ಣಗೆ ಏನೋ ಆಡಿತು. ಹಲ್ಲು ಕಚ್ಚಿದಳು. ಅದಕ್ಕೆ ಹಲ್ಲಿನ ಸಂದಿಯೇ ಸಾಕಾಯಿತು. ಒಳಗೆ ಇಳಿಯಿತು.

ಮೌನ. ನೀರಿನ ಒಂದು ಹನಿ.

"ಒಳಗಡೆ ಯಾರಿದ್ದೀರಿ?" ಕ್ಯಾಶಿಯರನ ಕೂಗು. "ಜಾರೀರಿ, ಹುಷಾರು."

ನಾನಿದ್ದೇನೆ ಎನ್ನಲು ಬಾಯಿ ತೆರೆದಳು. ಬರೀ ಉಸಿರು.

ಮಧ್ಯಾಹ್ನ ಅವಳು ಬಸ್ಸು ಇಳಿಯುತ್ತಿದ್ದಂತೆ ನಿಲ್ದಾಣದ ಧ್ವನಿವರ್ಧಕ ಖರಖರ ಎಂದಿತು. "ದಯವಿಟ್ಟು ಗಮನಿಸಿ." ಜನ ಚೀಲ ಕೆಳಗಿಟ್ಟು ತಲೆ ಎತ್ತಿದರು. ಹಣ್ಣಿನ ಅಂಗಡಿಯವಳು ತಕ್ಕಡಿ ಹಿಡಿದಂತೆಯೇ ಕಣ್ಣೊರೆಸಿಕೊಂಡಳು.

ಅಕ್ಕ ಉದ್ಘೋಷಣೆಯ ಕೋಣೆಯಿಂದ ಓಡಿ ಬಂದು ಅವಳ ಎರಡೂ ಕೈ ಹಿಡಿದಳು. "ಗುಬ್ಬಿ, ಕೇಳಿಸ್ತಾ? ಬೆಳಗ್ಗೆ ಕೊಡೆಗೆ ಚೀಟಿ ಅಂಟಿಸ್ತಿದ್ದೆ, ಕೆಮ್ಮು ಬಂತು. ಏನು ಬಿತ್ತು ಗೊತ್ತಾ ಗಂಟಲಿಂದ? ಕೂದಲು ಕಣೇ. ಇಷ್ಟುದ್ದ. ಆಮೇಲೆ ನೋಡು, ನಿಲ್ಲಿಸೋಕೇ ಆಗ್ತಿಲ್ಲ. ಈ ಮೂರು ವರ್ಷ ನೀನೇ ನನ್ನ ಬಾಯಿ ಆಗಿದ್ದೆ. ನಾಲ್ಕು ಜನರೆದುರು ಮಾತಾಡೋಕೆ ಹೆದರೋಳು, ನನಗೋಸ್ಕರ ಡಾಕ್ಟರ ಹತ್ರ ಜಗಳ ಆಡಿದೆ. ನಾನು ಮರೀತೀನಾ? ಯಾಕೆ ಸುಮ್ನಿದ್ದೀ? ಏನಾದ್ರೂ ಅನ್ನೇ."

ಅವಳು ಗಂಟಲು ಮುಟ್ಟಿ ತಲೆಯಾಡಿಸಿದಳು.

"ಅಯ್ಯೋ, ತೊರೇಲಿ ನೆನೆದ್ಯಾ? ತಗೋ." ಅಕ್ಕ ನಗುತ್ತ ತನ್ನ ಕೊರಳಿನ ಸ್ಲೇಟು ಬಿಚ್ಚಿ ಅವಳಿಗೆ ಹಾಕಿದಳು. "ನನಗಿನ್ನು ಬೇಡ. ಏನಾಯ್ತು ಬರಿ."

ಸ್ಲೇಟು ಇತ್ತು. ಬಳಪ ಇತ್ತು. ಕೈ ಆಡುತ್ತಿತ್ತು. ಅಕ್ಕನ ಕಣ್ಣು ಹೊಳೆಯುತ್ತ ಕಾಯುತ್ತಿತ್ತು. ಅವಳು ಬರೆದಳು: ಶೀತ.

ವಾರವಿಡೀ ಅದನ್ನೇ ಬರೆದಳು. ಅಕ್ಕ ರಾತ್ರಿ ಬಿಸಿನೀರು ಕಾಯಿಸಿ ತಂದು ಲೋಟ ಕೈಗಿಟ್ಟಾಗಲೂ.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಕಣಿವೆಗೆ ಹೋಗಿ, ಮುದುಕನ ತೋಳು ಹಿಡಿದು ಒಳಗುಹೆಗೆ ಎಳೆದೊಯ್ದಳು. ಅವನು ಟಾರ್ಚು ಎತ್ತಿದ. ಅವಳು ಉಜ್ಜಿದ್ದ ಜಾಗದ ಕಲ್ಲು ತೊಳೆದ ಹಲ್ಲಿನಂತೆ ಬೆಳ್ಳಗಿತ್ತು. ಅದರ ನಡುವೆ ಹಸಿ ಮಸಿಯಲ್ಲಿ, ತಲೆಕೆಳಗಾಗಿ, ಅವಳದೇ ಕೈಬರಹದಲ್ಲಿ, ಅವಳದೇ ಹೆಸರು.

ಮುದುಕ ಕತ್ತು ವಾಲಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ನಾನು ಉಜ್ತೀನಿ," ಎಂದ ಕೊನೆಗೆ. "ಬೇರೆ ಕೈ ಉಜ್ಜಿದ್ರೆ ಪೂರ್ತಿ ಹೋಗುತ್ತೆ, ಯಾರಿಗೂ ತಗುಲಲ್ಲ. ಅವತ್ತೂ ಹೋಗ್ತಿತ್ತು. ಇದು ನಂದು ಅಂತ ಒಂದು ಮಾತು ಹೇಳಿ."

ಅವಳು ಸ್ಲೇಟು ಎತ್ತಿಕೊಂಡಳು. ಈ ಸಲ ಶೀತ ಎಂದು ಬರೆಯಲಿಲ್ಲ. ಬಾಚಣಿಗೆ, ಮಸಿ, ಅಕ್ಕನ ಹೆಸರು, ಎಲ್ಲವನ್ನೂ ಬರೆದಳು. ಜಾಗ ಸಾಲದೆ ಅಂಗೈಯಿಂದ ಒರೆಸಿ ಮತ್ತೆ ಬರೆದಳು. ಮುದುಕ ಪ್ರತಿಯೊಂದು ಸಾಲನ್ನೂ ಓದಿದ. ಓದಿ ಸ್ಲೇಟನ್ನು ಮೆಲ್ಲಗೆ ಕೆಳಗಿಳಿಸಿದ.

"ಬರೆದಿದ್ದು ಸಾಕಮ್ಮ," ಎಂದ. "ಬರೆದೂ ಬರೆದೂ ತಾನೆ ಇಲ್ಲಿಗೆ ಬಂದಿದ್ದು. ಬಾಯಿಂದ ಅಂದು ಕಟ್ಟಿದ್ದು ಬರಹಕ್ಕೆ ಬಿಚ್ಚಲ್ಲ. ಬಾಯಿಬಿಟ್ಟು ಹೇಳ್ಬೇಕು."

ಅವಳು ಬಾಯಿ ತೆರೆದಳು. ನಾಲಿಗೆಯ ಬುಡದಲ್ಲಿ ಕೂದಲಿನ ಎಳೆಯೊಂದು ಬಿಗಿಯಾಯಿತು. ಹೊರಗೆ, ಅಷ್ಟರಲ್ಲಿ ಬಂದಿದ್ದ ಕ್ಯಾಶಿಯರ್ ಯಾರದೋ ಬರಹವನ್ನು ಜೋರಾಗಿ ಓದಿ ನಗುತ್ತಿದ್ದ. ಮುದುಕ ಬ್ರಷ್ಷನ್ನು ನೀರಿಗೆ ಅದ್ದಿ, ಆ ಹೆಸರಿನ ಕೆಳಗೆ ಹಿಡಿದು, ಕಾಯುತ್ತ ನಿಂತ.