ಹೊಳೆ ಮೆಟ್ಟಿಲು, 1938

ಇದಕ್ಕೆ ಅರ್ಥ ಕೇಳಬೇಡಿ, ಆದದ್ದನ್ನಷ್ಟೇ ಹೇಳುತ್ತೇನೆ. 1999ರಲ್ಲಿ ನಂಜನಗೂಡಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೂತು ನಾನೊಂದು ಗೇಮ್ ಬರೆದೆ. ಚಿತ್ರವಿಲ್ಲ, ಬರೀ ಅಕ್ಷರ. ಇಸವಿ ಟೈಪ್ ಮಾಡಿದರೆ ಆ ಕಾಲದ ಊರೊಳಗೆ ಓಡಾಡಬಹುದು.

ಒಂದು ಮಧ್ಯಾಹ್ನ 1938 ಎಂದು ಹೊಡೆದೆ. "ಕಪಿಲೆಯ ಮೆಟ್ಟಿಲ ಬಳಿ ನಿಂತಿದ್ದೀಯ" ಎಂದು ಬಂತು. ಅದು ನಾನೇ ಬರೆದದ್ದು. ಅದರ ಕೆಳಗೆ ನಾನು ಬರೆಯದ ಸಾಲೊಂದು ಬಂತು: "ಯಾರ ಪೈಕಿ?"

ನಮ್ಮಜ್ಜಿಯನ್ನು ಹುಡುಗಿಯಾಗಿದ್ದಾಗ ಇದನ್ನೇ ಕೇಳಿ, ಜಾತಿ ತಿಳಿದು, ಆ ಮೆಟ್ಟಿಲಿಂದ ಓಡಿಸಿದ್ದರು. ನನಗೆ ಮೈಯೆಲ್ಲ ಉರಿಯಿತು. ಅಜ್ಜಿಯ ಹೆಸರನ್ನೇ ಹೊಡೆದೆ: ಮುದ್ದಮ್ಮ.

"ದೂರ ನಿಲ್ಲು."

"ಮುಂದೆ" ಎಂದು ಹೊಡೆದೆ. ಮತ್ತದೇ ಉತ್ತರ. ನಾನೂ ಬಿಡಲಿಲ್ಲ, ಹೊಡೆಯುತ್ತಲೇ ಹೋದೆ. ಒಂದೊಂದು ಸಲಕ್ಕೂ ಕೋಣೆ ತಣ್ಣಗಾಗುತ್ತಿತ್ತು, ಕೀಬೋರ್ಡಿನಿಂದ ಪಾಚಿಯ ವಾಸನೆ ಬರುತ್ತಿತ್ತು. ಹನ್ನೊಂದನೇ ಸಲಕ್ಕೆ ಪರದೆಯ ಮೇಲೆ ಒಂದೇ ಮಾತು: "ಇಳಿ."

ಹೊಡೆದದ್ದು ಅಜ್ಜಿಯ ಹೆಸರಲ್ಲವೇ ಎಂದು ದಿಗಿಲಾಗಿ, ತಕ್ಷಣ ಬಸ್ಸು ಹಿಡಿದು ತಗಡೂರಿನ ಮನೆಗೆ ಹೋದೆ. ಅಜ್ಜಿ ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು.

"ಅಂಗೆಲ್ಲಾ ಹಿಂದ್ಲಿಂದ ತಳ್ಬ್ಯಾಡ ಕಣ್ಲಾ ಸಿದ್ಧಾರ್ಥ, ಮೆಟ್ಲು ಜಾರ್ತದೆ" ಅಂದಳು.

ಕಂಬಳಿ ಸರಿಸಿದೆ. ಅವಳ ಕಾಲು ಮಂಡಿಯವರೆಗೂ ಒದ್ದೆಯಾಗಿತ್ತು. ಬೆರಳ ಸಂದಿಯಲ್ಲಿ ಹೊಳೆಯ ಮರಳಿತ್ತು.