ಬಾಗಿಲವಾಡದ ತಗಡು

"ಆ ಬಾಗಿಲ ಮುಂದೆ ಮಾಟ ಅನ್ನೋ ಮಾತು ಆಡಬೇಡ, ಅಭಯ್. ಆಡಿದವರ ಬೆನ್ನಿಗೇ ಹತ್ಕೊಳ್ಳುತ್ತೆ."

ಕಡಲಾಚೆಯ ನಾರ್ತ್‌ರಿಜ್ ಊರಿನಲ್ಲಿ ಅವನಿಗೆ ರೂಮು ಕೊಟ್ಟ ನಿವೃತ್ತ ಡಾಕ್ಟರು ರಂಜನಿ ಆಂಟಿ ಪಿಸುಗುಟ್ಟಿದರು. ಅದೇ ಬಿಲ್ಡಿಂಗಿನ ಎದುರು ಮನೆಯಲ್ಲಿದ್ದವಳು ರೂತ್, ಯಹೂದಿ ಮುದುಕಿ. ಜರ್ಮನಿಯ ಅವಳ ಊರಿನಲ್ಲಿ ಜನ ಕೆಲಸವಿಲ್ಲದೆ, ರೊಟ್ಟಿಗೂ ಗತಿಯಿಲ್ಲದೆ ಕಂಗೆಟ್ಟಿದ್ದಾಗ ಯಾರೋ ಹೇಳಿದರಂತೆ, ಇದೆಲ್ಲ ಯಹೂದಿಗಳ ಕೈವಾಡ ಎಂದು. ಊರು ನಂಬಿತು. ಮೊದಲು ಅಂಗಡಿಗಳಿಗೆ ಕಲ್ಲು ಬಿತ್ತು. ಆಮೇಲೆ ಬೀದಿಗೆ ಬೀದಿಯನ್ನೇ ರೈಲಿಗೆ ತುಂಬಿ ಒಯ್ದು, ವಿಷಗಾಳಿ ಬಿಟ್ಟು ಕೊಂದರು. ಉಳಿದದ್ದು ಮೊದಲೇ ಪರದೇಶಕ್ಕೆ ಕಳಿಸಿದ್ದ ಈ ಒಂದು ಮಗು, ರೂತ್.

ಅಭಯ್ ನಕ್ಕ. "ಆಂಟಿ, ನಾನು ರಾಕೆಟ್ ಮಾಡೋನು. ಮಾಟಗೀಟ ನಂಗೆ ತಟ್ಟಲ್ಲ."

ಮಾಡುತ್ತಿದ್ದವನು ಎನ್ನಬೇಕಿತ್ತು. ಎಲ್ ಸೆಗುಂಡೋದ ರಾಕೆಟ್ ಕಂಪನಿಯ ಕೆಲಸ ಹೋಗಿ ತಿಂಗಳುಗಳಾಗಿದ್ದವು. ಎಲ್ಲಿ ಅಪ್ಲೈ ಮಾಡಿದರೂ ಉತ್ತರವಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅಮ್ಮನ ಕಾಟಕ್ಕೆ ಅವಳ ತವರಿನ ಮಂತ್ರವಾದಿ ರುದ್ರಪ್ಪನಿಗೆ ವಿಡಿಯೋ ಕಾಲ್ ಮಾಡಿ, ನಗುನಗುತ್ತಲೇ ಮನೆಯ ಒಳಹೊರಗು ತೋರಿಸಿದ. ರೂತ್‌ಳ ಬಾಗಿಲವಾಡಕ್ಕೆ ಓರೆಯಾಗಿ ಬಡಿದಿದ್ದ ಬೆರಳುದ್ದದ ಲೋಹದ ಡಬ್ಬಿ ಕಂಡದ್ದೇ ರುದ್ರಪ್ಪ ಚೀರಿದ.

"ಅದ ನೋಡ ತಮ್ಮಾ! ಮಂತ್ರ ಬರದು ಬಡದಾರ. ನಿನ್ನ ಅನ್ನ ಕಟ್ಟಿದ್ದು ಅದ ತಗಡ!"

ಅದರೊಳಗಿದ್ದದ್ದು ಪ್ರಾರ್ಥನೆ. ಯಹೂದಿಗಳು ಮನೆಬಾಗಿಲಿಗೆ ಹಾಕಿಕೊಳ್ಳುವಂಥದ್ದು. ಆಂಟಿಯನ್ನು ಕೇಳಿದ್ದರೆ ಹೇಳುತ್ತಿದ್ದರು. ಕೇಳುವುದೇಕೆ? ಕುಣಿಯಲಾರದವಳಿಗೆ ನೆಲ ಡೊಂಕೆಂದರೆ ಎಷ್ಟು ಹಿತ! ಕೆಲಸ ಕಳೆದುಕೊಂಡವರ ಆನ್‌ಲೈನ್ ಗುಂಪಿಗೆ ಡಬ್ಬಿಯ ಫೋಟೋ ಹಾಕಿ, 'ನಮ್ಮ ಕೆಲಸ ತಿಂದ ಮಾಟ ಸಿಕ್ಕಿತು' ಎಂದು ಬರೆದ. ತಮಾಷೆಗೆ. ಯಾರೂ ನಗಲಿಲ್ಲ. ಯಾವ ಬಿಲ್ಡಿಂಗ್ ಎಂದು ಕೇಳಿದರು. ಅಷ್ಟು ಜನ ತನ್ನ ಮಾತಿಗೆ ಕಾದದ್ದು ಅವನಿಗೆ ಖುಷಿ ಕೊಟ್ಟಿತು. ಹೇಳಿಬಿಟ್ಟ.

ಮರುದಿನ ಊರಾಚೆಯ ಬೆಟ್ಟಗಳಿಗೆ ಬೆಂಕಿ ಬಿತ್ತು. ಹೊಗೆ ಕವಿದು ಮಧ್ಯಾಹ್ನವೇ ಕತ್ತಲಾಯಿತು, ಕರೆಂಟೂ ಹೋಯಿತು. ತನ್ನ ತಮಾಷೆಯನ್ನು ತಾನೇ ನಂಬತೊಡಗಿದ್ದ ಅಭಯ್ ಸ್ಕ್ರೂಡ್ರೈವರ್ ಹಿಡಿದು ಹೊರಬಂದು ರೂತ್‌ಳ ಡಬ್ಬಿಯನ್ನು ಮೀಟಿದ. ಮೊಳೆ ಕಿರುಗುಟ್ಟಿ ಕಳಚಿತು.

ಕೂದಲು ಸುಟ್ಟ ವಾಸನೆ. ಕಾರಿಡಾರಿಗೆ ಈಗ ಕೊನೆಯೇ ಇಲ್ಲ. ಎರಡೂ ಬದಿಗೆ ಹಳೆಯ ಮರದ ಬಾಗಿಲುಗಳು. ಪ್ರತಿ ಬಾಗಿಲವಾಡದಲ್ಲೂ ಏನನ್ನೋ ಕಿತ್ತ ಓರೆ ಗಾಯ. ಒಳಗೆ ಮಕ್ಕಳು ಉಸಿರೆಳೆದು ಬಿಗಿಹಿಡಿದ ಸದ್ದು.

ಒಂದು ಬಾಗಿಲು ತುಸು ತೆರೆಯಿತು. ರೂತ್.

"ಅವರು ಮತ್ತೆ ಬಂದರಾ?" ಇಂಗ್ಲಿಷಿನಲ್ಲಿ ಕೇಳಿದಳು. "ನಾನು ಇಲ್ಲಿದ್ದೀನಿ ಅಂತ ಹೇಳಬೇಡ, ಮಗು."

ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಬೂಟುಗಳು. ಟಾರ್ಚುಗಳು. ಕೆಲವರ ಮೈಮೇಲೆ ಈಗಿನ ಟೋಪಿಯಂಗಿ ಹೂಡಿ. ಕೆಲವರದು ಎಂದಿನದೋ ಕೋಟು. ಮುಖ ಮಾತ್ರ ಎಲ್ಲರದೂ ಒಂದೇ.

"ಯಾವ ಬಾಗಿಲು?"

ಡಬ್ಬಿ ಅವನ ಮುಷ್ಟಿಯಲ್ಲಿತ್ತು. ಈಗ ಎಲ್ಲ ಬಾಗಿಲೂ ಒಂದೇ ಥರ. ಗೊತ್ತಿದ್ದವನು ಅವನೊಬ್ಬನೇ. ಸುಮ್ಮನಿದ್ದರೆ ಸಾಕಿತ್ತು.

ಟಾರ್ಚು ಅವನ ಕಂದು ಮುಖದ ಮೇಲೆ ನಿಂತಿತು. "ಅಥವಾ ನೀನೇನಾ?"

ಅಭಯ್ ಕೈ ಎತ್ತಿದ. ತೋರಿಸಿದ.

ಬಾಗಿಲು ಒಡೆಯಿತು. ರೂತ್‌ಳನ್ನು ಎಳೆದೊಯ್ಯುವಾಗ ಅವನು ಗೋಡೆ ನೋಡುತ್ತ ನಿಂತಿದ್ದ.

ಮಾಟವೇ ನನ್ನ ಕೈ ಎತ್ತಿಸಿತು ಎಂದು ಆಂಟಿಯ ಮುಂದೆ ಅತ್ತ. ಸುಳ್ಳು. ಕೈ ಅವನದೇ, ಎತ್ತಿದವನೂ ಅವನೇ. ಆಂಟಿ ಅವನ ಸಾಮಾನನ್ನು ಬೀದಿಗಿಟ್ಟರು.

ಕೆಲಸ ಇವತ್ತಿಗೂ ಸಿಕ್ಕಿಲ್ಲ. ಗುಂಪಿನವರು ಮುಂದಿನ ವಿಳಾಸ ಕೇಳುತ್ತಿದ್ದಾರೆ. ಅಭಯ್ ಬೀದಿ ಬೀದಿ ಅಲೆಯುತ್ತ ಜನರ ಬಾಗಿಲವಾಡಗಳನ್ನು ನೋಡುತ್ತಾನೆ.