ಐದನೇ ತಾರೀಖಿನ ಗಂಡು

ಬಾಸ್ಕಿಂಗ್ ರಿಡ್ಜ್‌ನ ಅಶ್ವತ್ಥನಾರಾಯಣ ಅಂಕಲ್ ಮನೆಯ ಸೋಫಾದಲ್ಲಿ ಕೂತಿದ್ದ ಗಂಡನ್ನು ಕಂಡು ಪ್ರಭಾಳಿಗೆ ಮೈಯೆಲ್ಲ ಉರಿದುಹೋಯಿತು. ಇಡೀ ನ್ಯೂಜೆರ್ಸಿಯಲ್ಲಿ ಎಡವಿದಲ್ಲೆಲ್ಲ ಕನ್ನಡದ ಇಂಜಿನಿಯರುಗಳಿರುವಾಗ, ಭಾನುವಾರದ ಊಟದ ನೆಪ ಮಾಡಿ ತನಗೆ ತೋರಿಸುವುದಕ್ಕೆ ಇವನೇ ಸಿಗಬೇಕೆ!

ಗುರುರಾಜ. ಧಾರವಾಡದವನು. ಕಣ್ಣು ಮಾತ್ರ ಚೆನ್ನಾಗಿತ್ತು. ಅದೂ ಅವಳಿಗೆ ಅವನ ಇನ್ನೊಂದು ತಪ್ಪಾಗಿಯೇ ಕಾಣುತ್ತಿತ್ತು.

ಜೆರ್ಸಿ ಸಿಟಿಯಲ್ಲಿ ಬಡವರಿಗೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಒಂದು ಸಂಸ್ಥೆಯಲ್ಲಿ ಬಾಡಿಗೆ ವಸೂಲಿ ನೋಡಿಕೊಳ್ಳುವವಳು ಪ್ರಭಾ. ಎರಡು ಸಾವಿರದ ಇಸವಿ ಹುಟ್ಟುವ ರಾತ್ರಿಯೇ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಹೆದರಿದ ಡೈರೆಕ್ಟರು, ಹೊಸ ಪ್ರೋಗ್ರಾಂ ಬರೆಸಲು ಈ ಗುರುರಾಜನನ್ನು ಕಾಂಟ್ರಾಕ್ಟ್ ಮೇಲೆ ತಂದು ಕೂರಿಸಿದ್ದರು. ಅವನ ಪ್ರೋಗ್ರಾಂ ಐದನೇ ತಾರೀಖಿಗೆ ಬಾಡಿಗೆ ಬರಲಿಲ್ಲವೆಂದರೆ ತಾನೇ ನೋಟಿಸ್ ಅಚ್ಚು ಹಾಕುತ್ತಿತ್ತು. ಸಾಲಾಗಿ ಮೂರು ತಿಂಗಳು ಐದನೇ ತಾರೀಖು ದಾಟಿದರೆ ಕೋರ್ಟು. ಮೂವತ್ತೆಂಟು ಮನೆಗಳನ್ನು ಕೋರ್ಟಿಗೆಳೆಯುವ ಕಾಗದಗಳು ಈಗ ಅವಳ ಮೇಜಿನ ಮೇಲಿದ್ದವು, ನಾಳೆ ಬೆಳಿಗ್ಗೆ ಅಂಚೆಗೆ ಹೋಗಬೇಕಿತ್ತು.

ಹಿಂದೆ ಹೀಗಿರಲಿಲ್ಲ. ಆ ಮನೆಗಳ ಬಾಡಿಗೆಯನ್ನು ಬಡವರಿಗೆ ಸರ್ಕಾರದ ಹಣ ಹಂಚುವ ವೆಲ್ಫೇರ್ ಆಫೀಸೇ ನೇರವಾಗಿ ಸಂಸ್ಥೆಗೆ ಕಳಿಸುತ್ತಿತ್ತು. ಆಮೇಲೆ ಕಾನೂನು ಬದಲಾಯಿತು. ಕೂತು ತಿಂದಿದ್ದು ಸಾಕು, ಕೆಲಸಕ್ಕೆ ಹೋಗಿ ಎಂದಿತು ಸರ್ಕಾರ. ಹೋದರು. ಎರಡು ಮಕ್ಕಳ ತಾಯಿ ಸಲ್ಮಾ ಹ್ಯಾರಿಸನ್ ಊರಿನ ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡಲು ನಿಂತಳು. ತಿಂಗಳು ತಿಂಗಳೂ ಬಾಡಿಗೆಯನ್ನು ತಾನೇ ತಂದು ಕೊಟ್ಟಳು. ಆದರೂ ಆ ಮೂವತ್ತೆಂಟರಲ್ಲಿ ಅವಳ ಹೆಸರೂ ಇತ್ತು.

"ಡೇಟ್ ಸ್ವಲ್ಪ ಮುಂದಕ್ಕೆ ಹಾಕ್ರಿ" ಎಂದು ಪ್ರಭಾ ಮೂರು ತಿಂಗಳಿಂದ ಅವನೊಂದಿಗೆ ಜಗಳವಾಡುತ್ತಿದ್ದಳು. ಅವನು ದಿನಕ್ಕೆರಡು ಸಲ ಏನಾದರೂ ಸಂದೇಹ ಹಿಡಿದು ಅವಳ ಮೇಜಿಗೆ ಬರುವುದು, "ರೂಲ್ ಅಂದ್ರ ರೂಲ್‌ರಿ ಮೇಡಂ" ಎಂದು ನಗುವುದು. ಆ ನಗುವನ್ನು ಒರೆಸಿ ಹಾಕುವಷ್ಟು ಸಿಟ್ಟು ಬರುತ್ತಿತ್ತು ಅವಳಿಗೆ.

"ಇಬ್ಬರೂ ಒಂದೇ ಆಫೀಸಂತೆ! What a coincidence!" ಎಂದು ಆಂಟಿ ಬಿಸಿಬೇಳೆಬಾತ್ ಬಡಿಸುತ್ತ ಹಿಗ್ಗಿದರು.

ಗುರುರಾಜ ತಟ್ಟೆಯಿಂದ ತಲೆಯೆತ್ತಿ ಪ್ರಭಾಳನ್ನು ನೋಡಿದ, ಅವಳು ನೋಡಿದೊಡನೆ ಹಪ್ಪಳ ಮುರಿಯತೊಡಗಿದ. ಅವನ ಕಿವಿ ಕೆಂಪಾಗಿತ್ತು. ನಾಚಿಕೆ ಬೇರೆ ಕೇಡು ಇವನಿಗೆ ಎಂದುಕೊಂಡಳು ಅವಳು.

ಅಂಕಲ್ ಗಂಟಲು ಸರಿಮಾಡಿಕೊಂಡರು. ಅವರಿಗೆ ನಾಲ್ಕು ಬೆಡ್‌ರೂಮಿನ ಮನೆಯಿತ್ತು, ಡಾಟ್‌ಕಾಮ್ ಷೇರುಗಳಿದ್ದವು, ಷೇರು ಏರಿದ್ದು ತಮ್ಮ ಯೋಗ್ಯತೆಯಿಂದಲೇ ಎಂಬ ನಂಬಿಕೆಯಿತ್ತು. "ನಿನ್ನ ಪ್ರೋಗ್ರಾಂ ವಿಷಯ ಕೇಳಿದೆ, ಗುರುರಾಜ. ಒಳ್ಳೇ ಕೆಲಸ ಮಾಡಿದೀಯ. ಈ ವೆಲ್ಫೇರ್ ಜನ ಸೋಮಾರಿಗಳು. ನಮ್ಮ ಟ್ಯಾಕ್ಸಲ್ಲಿ ಬದುಕೋರು. ಐದು ದಿನ ಕೊಟ್ಟಿದ್ದೇ ಜಾಸ್ತಿ. ಯಾರದು ಆ ಐಡಿಯಾ?"

"ನಂದರಿ ಅಂಕಲ್. ತಾರೀಖು ಯಾವುದಾದರೂ reasonable ಹಾಕು ಅಂದಿದ್ರು ಡೈರೆಕ್ಟರು."

ಪ್ರಭಾಳ ಚಮಚ ನಿಂತಿತು. "ನೀವೇ ಹಾಕಿದ್ದಾ? ರೂಲ್ ರೂಲ್ ಅಂತಿದ್ರಲ್ಲ, ಅದು ಕಾನೂನಲ್ವಾ?"

"ಕಾನೂನು ಎಲ್ಲಿಂದ ಬಂತರಿ? ನಮ್ಮಪ್ಪ ಸಾಲಿ ಮಾಸ್ತರ. ಒಂದನೇ ತಾರೀಖಿಗೆ ಪಗಾರ, ಐದರೊಳಗ ಮನಿ ಮಾಲಕಿ ಶಿವಗಂಗಮ್ಮನ ಕೈಯಾಗ ಬಾಡಿಗಿ. ಪಗಾರ ಆದಮ್ಯಾಲೆ ಐದು ದಿನ ಸಾಕಲ್ಲ ಅಂತ ಹಾಕಿದೆ."

"ಇವರಿಗೆ ಒಂದನೇ ತಾರೀಖಿಗೆ ಸಂಬಳ ಆಗುತ್ತೆ ಅಂತ ಯಾರ್ರೀ ಹೇಳಿದ್ದು ನಿಮಗೆ?"

"ಎಲ್ಲಾರಿಗೂ..." ಎಂದವನು ಅಲ್ಲಿಗೇ ನಿಲ್ಲಿಸಿದ.

"Every other Friday! ಎರಡು ವಾರಕ್ಕೊಂದು ಚೆಕ್. ಸಲ್ಮಾಗೆ ಒಂದು ಚೆಕ್ ಊಟಕ್ಕೆ, ಬಸ್ಸಿಗೆ, ಮಗು ನೋಡಿಕೊಳ್ಳೋರಿಗೆ ಸರಿಹೋಗುತ್ತೆ. ಇನ್ನೊಂದು ಬಂದ ದಿನವೇ ಬಾಡಿಗೆ ಕಟ್ತಾಳೆ. ಒಂದು ತಿಂಗಳು ಹನ್ನೆರಡಕ್ಕೆ, ಇನ್ನೊಂದು ತಿಂಗಳು ಒಂಬತ್ತಕ್ಕೆ. ಒಂದು ತಿಂಗಳೂ ತಪ್ಪಿಸಿಲ್ಲ ಅವಳು!"

ಗುರುರಾಜ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಮೊದಲ ಯಾಕ ಹೇಳಲಿಲ್ಲರಿ ಇದನ್ನ?"

"ನೀವು ಕೇಳಿದ್ರಾ?"

"ಇಲ್ಲ. ಐದು ಯಾಕ ಅಂತ ನೀವೂ ಕೇಳಲಿಲ್ಲ."

ನಿಜ, ಪ್ರಭಾ ಕೇಳಿರಲಿಲ್ಲ. ಅವನನ್ನು ಕೀಳಾಗಿ ಕಾಣುವುದರಲ್ಲಿ ಎಷ್ಟು ಸುಖವಿತ್ತೆಂದರೆ, ಒಂದು ಸಣ್ಣ ಪ್ರಶ್ನೆ ಕೇಳಿ ಆ ಸುಖ ಕಳೆದುಕೊಳ್ಳಲು ಅವಳಿಗೆ ಮನಸ್ಸಾಗಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅವನು ಎದ್ದು ಕೈತೊಳೆದ. "ಅಂಕಲ್, ಫೋನ್ ಮಾಡ್ಲಾ? ಡೈರೆಕ್ಟರ್ ಮನಿಗೆ."

"ಕೂತ್ಕೊಳಯ್ಯ, ಊಟ ಮುಗಿಸು. ಆ ಜನಕ್ಕೋಸ್ಕರ ನಿನ್ನ ತಪ್ಪು ನೀನೇ ಡಂಗುರ ಹೊಡೀತೀಯ? ಕಾಂಟ್ರಾಕ್ಟ್ ಹೋದ್ರೆ ವೀಸಾ ಗತಿ ಏನು?"

ಗುರುರಾಜ ಆಗಲೇ ನಂಬರು ಒತ್ತುತ್ತಿದ್ದ. "The mistake is mine, sir" ಎಂದು ಶುರುಮಾಡಿದವನು ತಪ್ಪನ್ನು ಬೇರೆ ಯಾರ ಮೇಲೂ ಹಾಕಲಿಲ್ಲ. ಆ ಕಡೆಯ ಕಿರುಚಾಟ ಡೈನಿಂಗ್ ಟೇಬಲ್ಲಿನವರೆಗೂ ಕೇಳಿಸಿತು. ಅವನು ಎಲ್ಲದಕ್ಕೂ ಹೂಂಗುಟ್ಟಿ ಫೋನಿಟ್ಟ.

"ಕಾಗದ ಅಂಚೆಗೆ ಹೋಗೂದಿಲ್ಲ" ಎಂದ ಪ್ರಭಾಳಿಗೆ. "ತಾರೀಖು ತಿದ್ದಿ ಕೊಟ್ಟಮ್ಯಾಲೆ ಶುಕ್ರವಾರಕ್ಕ ನನ್ನ ಕಾಂಟ್ರಾಕ್ಟ್ ಮುಗೀತಂತ." ಮತ್ತೆ ಆಂಟಿಯ ಕಡೆ ತಿರುಗಿ, ಊಟ ಭಾಳ ಚಲೋ ಇತ್ತೆಂದು ಕೈಮುಗಿದು ಹೊರಟುಬಿಟ್ಟ.

ಬಾಗಿಲು ಮುಚ್ಚಿದ್ದೇ ತಡ, ಅಂಕಲ್ ದನಿ ತಗ್ಗಿಸಿದರು. "ಬೇಡಮ್ಮ ಈ ಸಂಬಂಧ. ತಲೆಯಿಲ್ಲದ ಹುಡುಗ. ಜಗದೀಶ್ ಅಂತ ಒಬ್ಬನಿದಾನೆ, ಗ್ರೀನ್ ಕಾರ್ಡ್ ಬಂದಿದೆ, ಬಹಳ ಪ್ರಾಕ್ಟಿಕಲ್. ಮುಂದಿನ ವಾರ ಕರೆಸ್ತೀನಿ."

"ಅವರನ್ನ ನೀವೇ ಇಟ್ಕೊಳ್ಳಿ ಅಂಕಲ್. ನಿಮಗೆ ಹೇಳಿ ಮಾಡಿಸಿದ ಹಾಗಿದಾರೆ" ಎಂದು ಪ್ರಭಾ ಬ್ಯಾಗು ಹೆಗಲಿಗೇರಿಸಿ ಹೊರಗೋಡಿದಳು.

ಅವನು ಹಳೆಯ ಕೊರೊಲಾ ಕಾರಿನ ಬಾಗಿಲು ತೆಗೆಯುತ್ತಿದ್ದ.

"ನಿಮ್ಮನ್ನ ಕಂಡ್ರೆ ನನಗೆ ಆಗ್ತಿರಲಿಲ್ಲ" ಎಂದಳು, ಏದುಸಿರು ಬಿಡುತ್ತ.

"ಗೊತ್ತದರಿ. ದಿನಾ ಬೈಸಿಕೊಳ್ಳಲಿಕ್ಕಂತನ ನಿಮ್ಮ ಟೇಬಲ್ಲಿಗೆ ಬರ್ತಿದ್ದೆ. ಆ ಪ್ರೋಗ್ರಾಂದಾಗ ನಿಮ್ಮನ್ನ ಕೇಳೋವಂಥದ್ದು ಒಂದೂ ಇರಲಿಲ್ಲ." ಈಗ ಅವನು ಕಣ್ಣು ತಪ್ಪಿಸಲಿಲ್ಲ. "ಇವತ್ತಿನ ಊಟಾನೂ ಆಂಟಿಗೆ ಹೇಳಿ ನಾನ ಮಾಡಿಸಿದ್ದು, coincidence ಅಂದಿದ್ದು ಅವರ ನಾಟಕ. ನೀವು ನನಗ ಭಾಳ ಇಷ್ಟ, ಪ್ರಭಾ."

ಬೈಯಲೆಂದು ಹುಡುಕಿದರೆ ಪ್ರಭಾಳಿಗೆ ಒಂದು ಒಳ್ಳೆಯ ಬೈಗುಳವೂ ಸಿಗಲಿಲ್ಲ.

"ನಾಳೆ ಆ ಮೂವತ್ತೆಂಟು ಮನೆಗೂ ಹೋಗಿ, ತಪ್ಪು ನಮ್ಮದು ಅಂತ ಬಾಯಿಬಿಟ್ಟು ಹೇಳ್ಬೇಕು. ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಅದಾದಮ್ಯಾಲೆ?"

"ಅದಾದಮೇಲೆ ಮೈಸೂರಿಗೆ ಫೋನ್ ಮಾಡಿ, ಗಂಡು ಒಪ್ಪಿಗೆ ಆಯ್ತು ಅಂತ ಅಮ್ಮನಿಗೆ ಹೇಳ್ತೀನಿ" ಎಂದು ಪ್ರಭಾ, ಅವನ ಉತ್ತರಕ್ಕೆ ಕಾಯದೆ, ಆ ಕಡೆಗೆ ಸುತ್ತಿ ಬಂದು ಕಾರು ಹತ್ತಿ ಕೂತಳು.